ಮುನ್ನೂರು ಡಿಸ್ಕಿನ ಪೆಟ್ಟಿಗೆ

“ಮತ್ತೆ ಹಾಡು ತಪ್ಪಿ ಬರ್ತಿದೆಯಾ?” ರಿಪೇರಿಯವನು ಬಾಗಿಲಲ್ಲೇ ಕೇಳಿದ. ಹೀಗೆ ದೂರು ಕೇಳಿ ಅವನು ಬಂದ ಮೂರನೆಯ ಭಾನುವಾರ ಅದು.

“ಹೂಂ. ನಾನೇನ್ ಮಾಡ್ಲಿ, ಅದರ ಹಣೆಬರಹ,” ಎಂದಳು ಅವಳು, ಮುಖ ಅತ್ತ ತಿರುಗಿಸಿ. ಪಾಪ, ಸುಳ್ಳು ಹೇಳಿ ಅಭ್ಯಾಸ ಸಾಲದು.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ದಿನವಿಡೀ ಊರವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಅವರು ನೋಡುವುದು ಮಾತ್ರ ಗೋಡೆಯ ಮೇಲಿನ ಅಕ್ಷರಗಳನ್ನು. ಸಾಕಿದ ಸೋದರಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಉಳಿದದ್ದು ಮಾವನ ಪೆಟ್ಟಿಗೆ, ಗೂಡಿನ ಸಂಖ್ಯೆ ಒತ್ತಿದರೆ ಅದರೊಳಗಿನ ಸಿ.ಡಿ. ಹಾಡುವ ಯಂತ್ರ: ಮುನ್ನೂರು ಗೂಡು, ಮುನ್ನೂರು ಡಿಸ್ಕ್, ಒಂದರ ಮೇಲೂ ಹೆಸರಿಲ್ಲ. ಯಾವ ಗೂಡಿನಲ್ಲಿ ಯಾವ ಹಾಡು ಎಂಬುದು ಮಾವನಿಗೆ ಬಾಯಿಪಾಠ. ಆ ಪಟ್ಟಿ ಅವರ ಜೊತೆಗೇ ಹೋಯಿತು.

ರಿಪೇರಿಯವನು ಮೊದಲು ಬಂದದ್ದು ಅದಕ್ಕೇ. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಕೇಬಲ್ ಎಳೆದ. ಒಂದೊಂದೇ ಡಿಸ್ಕ್ ಕೇಳಿ ಅವಳು ಹೆಸರು ಹೇಳುವುದು, ಅವನು ಟೈಪ್ ಮಾಡುವುದು. ಹತ್ತು ಭಾನುವಾರ ಹಿಡಿಯಿತು. ಒಳ್ಳೆಯ ಹಾಡು ಬಂದರೆ ಅವನ ಬೆರಳು ನಿಂತುಬಿಡುತ್ತಿತ್ತು. ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿ, ಸಿಕ್ಕಿಬಿದ್ದವನಂತೆ ಪರದೆಗೆ ಮರಳುತ್ತಿದ್ದ.

ಮುನ್ನೂರೂ ಮುಗಿದ ದಿನ, “ಇನ್ನು ಕೂತಲ್ಲಿಂದಲೇ ಏನು ಬೇಕಾದ್ರೂ ಹಾಕ್ಕೊಳ್ಳಿ. ನನ್ನ ಅಗತ್ಯ ಇಲ್ಲ,” ಎಂದು ಹೊರಟುಹೋದ.

ಅವಳು ಕೂತಲ್ಲಿಂದಲೇ ಹಾಕಿದಳು. ಎರಡನೆಯ ಕುರ್ಚಿ ಖಾಲಿ ಇತ್ತು. ಎಷ್ಟು ಜೋರಾಗಿ ಹಾಕಿದರೂ ಮನೆ ತುಂಬಲಿಲ್ಲ. ಗುರುವಾರ ತಡೆಯಲಾರದೆ ಪೆಟ್ಟಿಗೆ ತೆರೆದು ಮೂರು ಡಿಸ್ಕ್ ಅದಲು ಬದಲು ಮಾಡಿ ಅವನಿಗೆ ಫೋನ್ ಮಾಡಿದಳು. ಮರುವಾರ ನಾಲ್ಕು. ಈ ವಾರ ಐದು.

ಇವತ್ತು ಅವನು ಪೆಟ್ಟಿಗೆ ಮುಟ್ಟಲಿಲ್ಲ. ಪರದೆಯನ್ನು ಅವಳತ್ತ ತಿರುಗಿಸಿದ.

“ನಿಮ್ಮ ಕಂಪ್ಯೂಟರ್ ಚಾಡಿ ಹೇಳ್ತಿದೆ ನೋಡಿ. ಪೆಟ್ಟಿಗೆ ಬಾಗಿಲು ತೆಗೆದಾಗಲೆಲ್ಲ ಬರೆದಿಟ್ಟುಕೊಳ್ಳುತ್ತೆ. ಗುರುವಾರ ಸಂಜೆ ಆರೂವರೆ. ಮೂರು ವಾರಾನೂ.”

ನಾಚಿಕೆಗಿಂತ ಹೆಚ್ಚಾಗಿ ಅವಳನ್ನು ಹಿಂಡಿದ್ದು ಹೆದರಿಕೆ: ಇನ್ನು ಇವನು ಬರುವುದಿಲ್ಲ.

“ಕ್ಷಮಿಸಿ,” ಎಂದಳು. “ನೀವು ಬಂದ್ರೆ ಮನೆ ಮನೆ ಥರ ಇರುತ್ತೆ. ಬೇರೆ ನೆಪ ಹೊಳೀಲಿಲ್ಲ.”

ಅವನು ಕೀಲಿಮಣೆಯನ್ನು ಅವಳತ್ತ ಸರಿಸಿದ. “ಇನ್ನೂರ ಹನ್ನೆರಡು ಹಾಕಿ.”

ಪಟ್ಟಿಯಲ್ಲಿ ಪಿಟೀಲು ಎಂದಿತ್ತು. ಬಂದದ್ದು ಕೊಳಲು.

“ಅಯ್ಯೋ, ಇದನ್ನ ನಾನು ಮುಟ್ಟೇ ಇಲ್ಲ!”

“ಗೊತ್ತು. ಕೊನೇ ದಿನ ಹೋಗೋ ಮುಂಚೆ ನಾನೇ ತಪ್ಪಿಟ್ಟು ಹೋಗಿದ್ದೆ, ನೀವು ಕರೀತೀರಿ ಅಂತ. ನೀವೋ, ಅದನ್ನ ಒಂದು ಸಲಾನೂ ಹಾಕಲಿಲ್ಲ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವನು ಕನ್ನಡಕದ ಮೇಲಿನಿಂದ ನೋಡುತ್ತಿದ್ದ. ಈ ಸಲ ಪರದೆಗೆ ಮರಳಲಿಲ್ಲ.

“ಮುಂದಿನ ಭಾನುವಾರಕ್ಕೆ ಏನು ಕೆಡಿಸ್ತೀರಿ?”

“ಏನೂ ಕೆಡಿಸಲ್ಲ,” ಎಂದಳು ಅವಳು. “ಸುಮ್ನೆ ಬನ್ನಿ.”

ಅವನು ಎರಡನೆಯ ಕುರ್ಚಿ ಎಳೆದುಕೊಂಡು ಕೂತ. ಇನ್ನೂರ ಹನ್ನೆರಡನ್ನು ಇಬ್ಬರೂ ಸರಿಪಡಿಸಲು ಹೋಗಲಿಲ್ಲ.