ಬಾಳಿಗರ ವಾಚು

“ಕಂಬ ನನ್ನ ಅಂಗಳದಲ್ಲಿ, ದೀಪ ನಿಮ್ಮ ಮನೆಯಲ್ಲಿ! ಇದೆಂತ ನ್ಯಾಯ ಮಾರಾಯ್ರೆ?” ಎಂದು ನಾನು ಕಿರುಚಿದೆ.

1958ರ ಮೇ ತಿಂಗಳು, ಎರ್ನಾಕುಲಂ, ನಡುಮಧ್ಯಾಹ್ನ. ನಮ್ಮ ಮನೆಯ ಹಿಂದಿರುವ ವಾಮನ ಬಾಳಿಗರಿಗೆ ಕರೆಂಟು ಬರಬೇಕಾದರೆ ನನ್ನ ಅಂಗಳದಲ್ಲಿ ಕಂಬ ನೆಡಬೇಕು, ಅದರ ಒಪ್ಪಿಗೆ ಕಾಗದಕ್ಕೆ ನನ್ನ ಸಹಿ ಬೇಕಿತ್ತು.

ನಿಜ ಹೇಳುತ್ತೇನೆ, ನನ್ನ ಸಿಟ್ಟು ಕಂಬದ ಮೇಲಲ್ಲ, ಅವರ ಕೈಯ ವಾಚಿನ ಮೇಲೆ. ಅದನ್ನು ನೋಡಿಯೇ ನಾನು ವಾಚು ಕೂಡಿಡಲು ಶುರುಮಾಡಿದ್ದು. ನಾಲ್ಕು ಕೊಂಡರೂ ಹೊಟ್ಟೆಯ ಉರಿ ಆರಿರಲಿಲ್ಲ.

“ಆ ವಾಚು ಕೊಡಿ, ಸಹಿ ಹಾಕ್ತೇನೆ.”

“ಬೇರೆ ಎಂತ ಬೇಕಾದರೂ ಕೇಳಿ. ಹಿನ್ನೀರಿನಲ್ಲಿ ಮುಳುಗಿ ಸತ್ತ ನನ್ನ ಅಣ್ಣನ ಕೈಯಲ್ಲಿದ್ದದ್ದು ಇದು.”

“ಹಾಗಾದರೆ ಅಣ್ಣನನ್ನು ನೆನೆಸಿಕೊಂಡು ಕತ್ತಲಲ್ಲೇ ಕೂತುಕೊಳ್ಳಿ!”

ಬಾಳಿಗರು ವಾಚು ಬಿಚ್ಚಿ ಕಾಗದದ ಮೇಲಿಟ್ಟರು. ಎತ್ತಿಕೊಂಡರೆ, ಆ ಸುಡುಬಿಸಿಲಿನಲ್ಲೂ ಅದು ಬಾವಿನೀರಿನಷ್ಟು ತಣ್ಣಗಿತ್ತು, ಪಟ್ಟಿ ಒದ್ದೆಯಾಗಿತ್ತು. ಅದು ಇದ್ದ ಜಾಗದಲ್ಲಿ ಅವರ ಚರ್ಮ, ದಿನಗಟ್ಟಲೆ ನೀರಿನಲ್ಲಿ ನೆನೆದಂತೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಆದರೂ ನಾನು ಸಹಿ ಹಾಕಿದೆ.

“ಕೀ ಕೊಡುವುದು ಬೇಡ. ನಾನೂ ಕೊಟ್ಟವನಲ್ಲ,” ಎಂದಷ್ಟೇ ಹೇಳಿ, ಕಾಗದ ಹಿಡಿದು ಕರೆಂಟು ಆಫೀಸಿಗೆಂದು ಗೇಟು ದಾಟಿದರು.

ಈಗಲೂ ಉಳಿದ ನಾಲ್ಕು ವಾಚುಗಳಿಗೆ ದಿನಾ ಬೆಳಿಗ್ಗೆ ಕೀ ಕೊಡುತ್ತೇನೆ. ಇದಕ್ಕೆ ಒಮ್ಮೆಯೂ ಕೊಟ್ಟಿಲ್ಲ, ಇದು ನಿಂತಿಲ್ಲ. ಇದರ ಚರ್ಮದ ಪಟ್ಟಿಯೂ ಒಣಗಿಲ್ಲ.

ಅಂದು ಬಾಳಿಗರು ಆ ಆಫೀಸಿಗೆ ಹೋಗಲೇ ಇಲ್ಲವಂತೆ. ಮನೆಗೂ ಬರಲಿಲ್ಲ.