ಬೊಗಳುವುದನ್ನು ಬಿಟ್ಟ ಜೀರಿಗೆ

ಏಳು ಗುಡ್ಡ ಹತ್ತಿಳಿದು, ಎಂಟನೆಯದನ್ನು ಸುತ್ತು ಹಾಕಿದರೆ ಸಿಗುವ ಸೀಗೆಪುರದಲ್ಲಿ ಹಿಂದೆ ಒಬ್ಬ ರಾಜನಿದ್ದ. ಇದು ಸುಳ್ಳಾದರೆ ನನ್ನ ಮೀಸೆ ಉದುರಲಿ. ಅರ್ಧ ಆಗಲೇ ಉದುರಿದೆ, ಅದು ಬೇರೆ ಕತೆಗೆ.

ಅರಮನೆಯ ಬಾಗಿಲಲ್ಲಿ ಜೀರಿಗೆ ಎಂಬ ನಾಯಿ ಇತ್ತು. ನೋಡಲು ಮೊರದಷ್ಟೇ; ಬೊಗಳಿದರೆ ಮೂರು ಊರಿನ ತೆಂಗಿನಕಾಯಿ ಉದುರುತ್ತಿದ್ದವು. ಮರಿಯಿಂದ ಅದನ್ನು ಸಾಕಿದವನು ಬಾಗಿಲು ಕಾಯುವ ಹಾಲಪ್ಪ. ಇಬ್ಬರಿಗೂ ಒಂದೇ ತಟ್ಟೆ, ಒಂದೇ ಕಂಬಳಿ.

ರಾಜಕುಮಾರಿಯನ್ನು ನೋಡಲು ಬಂದ ಮೊದಲ ಗಂಡಿನವರು ಜೀರಿಗೆ ಬೊಗಳಿದ ಸದ್ದಿಗೆ ಪಲ್ಲಕ್ಕಿ ಬಿಟ್ಟು ಓಡಿದರು. ಎರಡನೆಯವರು ಗಂಡನ್ನೇ ಬಿಟ್ಟು ಓಡಿದರು.

"ಲೋ ಹಾಲಪ್ಪ," ಎಂದ ರಾಜ, "ಹುಣ್ಣಿಮೆಗೆ ಮೂರನೆಯವರು ಬರ್ತಾರೆ. ಇದು ಬಾಯಿ ಬಿಟ್ಟರೆ ಕಲ್ಲು ಕಟ್ಟಿ ಕೆರೆಗೆ ಹಾಕಿಸ್ತೀನಿ."

"ಬ್ಯಾಡಿ ಬುದ್ಧಿ, ನಾನು ಕಲಿಸ್ತೀನಿ."

ಬಂದವರಿಗೆ ಹೊಸ್ತಿಲ ಹೊರಗೆ ಕಾಲಿಗೆ ನೀರು ಕೊಡುವುದು ಸೀಗೆಪುರದ ಪದ್ಧತಿ. ಹಾಲಪ್ಪ ಅದನ್ನೇ ಪಾಠ ಮಾಡಿದ. ಕಾಲಿಗೆ ನೀರು ಬಿತ್ತೋ, ಜೀರಿಗೆ ಮೂಲೆಯ ಗೋಣಿಚೀಲದ ಮೇಲೆ ಹೋಗಿ ಬಾಯಿ ಮುಚ್ಚಿ ಕೂರಬೇಕು. ಕೂತರೆ ಬೆಲ್ಲದ ಚೂರು.

ಮೊದಲು ತಮಟೆಯವನ ಕಾಲಿಗೆ ನೀರು ಹಾಕಿದ. ಜೀರಿಗೆ ಎರಡು ಸಲ ಬೊಗಳಿತು. ಬೆಲ್ಲ ಇಲ್ಲ. ಆಮೇಲೆ ಬೆಕ್ಕು ಹೊತ್ತ ಅಜ್ಜಿ. ಒಂದೇ ಸಲ ಬೊಗಳಿತು. ಬೆಲ್ಲ ಇಲ್ಲ. ಕೊನೆಗೆ ಆನೆಗೇ ಕಾಲಿಗೆ ನೀರು ಕೊಟ್ಟ. ನಾಲ್ಕು ಕಾಲಿಗೆ ಎಂಟು ಕೊಡ. ಜೀರಿಗೆ ತುಟಿ ಪಿಟಕ್ಕೆನ್ನಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಗಂಡಿನವರಿಗಿಂತ ಮೊದಲು ಒಬ್ಬ ಮುದುಕ ಬಂದ.

"ದೂರದಿಂದ ಬಂದೆ ಕಣಪ್ಪ. ಕಾಲಿಗೆ ನೀರು ಕೊಡ್ತೀಯಾ?"

ಹಾಲಪ್ಪ ಚೆಂಬು ಬಗ್ಗಿಸಿದ. ಆಗ ಕಂಡ: ಮುದುಕನ ಪಾದಗಳು ಹಿಂದುಮುಂದಾಗಿದ್ದವು. ಜೀರಿಗೆಯೂ ಕಂಡಿತು. ಅದರ ಗಂಟಲು ನಡುಗಿತು, ಮೈಮೇಲಿನ ಕೂದಲು ಎದ್ದು ನಿಂತಿತು. ಆದರೆ ನೀರು ಬಿದ್ದಾಗಿತ್ತು. ಅದು ಗೋಣಿಚೀಲದ ಮೇಲೆ ಹೋಗಿ ಕೂತು, ಬೆಲ್ಲಕ್ಕಾಗಿ ಹಾಲಪ್ಪನ ಮುಖ ನೋಡಿತು.

ಮುದುಕನ ವೇಷದ ಮಾಂತ್ರಿಕ ಒಳಗೆ ಕಾಲಿಟ್ಟ. ರಾಜ ಕಲ್ಲಾದ. ರಾಜಕುಮಾರಿ ಕಲ್ಲಾದಳು. ಒಗ್ಗರಣೆ ಹಾಕುತ್ತಿದ್ದ ಅಡುಗೆಯವನು ಸೌಟಿನ ಸಮೇತ ಕಲ್ಲಾದ.

"ಇದು ಬೊಗಳಿದ್ದು ಕಿವಿಗೆ ಬಿದ್ದರೆ ನಾನು ಬೂದಿ," ಮಾಂತ್ರಿಕ ನಕ್ಕ. "ಏಳು ವರ್ಷ ಗುಡ್ಡದಾಚೆ ಕಾದು ಕೂತಿದ್ದೆ. ಉಪಕಾರವಾಯ್ತು ತಮ್ಮಾ! ನಿನ್ನನ್ನು ಕಲ್ಲು ಮಾಡಲ್ಲ. ನನ್ನ ಕಡೆ ನೆಂಟರೂ ಬರ್ತಾರೆ, ನೀರು ಕೊಡೋಕೆ ಒಬ್ಬ ಬೇಕಲ್ಲ."

"ಬೊಗಳೇ ನನ್ನವ್ವಾ!" ಹಾಲಪ್ಪ ಬೇಡಿದ. ಜೀರಿಗೆ ಬಾಲ ಅಲ್ಲಾಡಿಸಿತು. ಅವನೇ ಮಂಡಿಯೂರಿ ಬೊಗಳಿ ತೋರಿಸಿದ. ಜೀರಿಗೆ ತಲೆ ವಾರೆ ಮಾಡಿ ನೋಡಿ, ಇನ್ನಷ್ಟು ನೆಟ್ಟಗೆ ಕೂತಿತು. ಅಷ್ಟು ಮಾತು ಕೇಳುವ ನಾಯಿ ಮೂರು ಲೋಕದಲ್ಲಿ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಅದರ ಮೇಲೆ ಎಂದೂ ಎತ್ತದ ಕಾಲನ್ನು ಎತ್ತಿ, ಕಣ್ಣು ಮುಚ್ಚಿ, ಹಾಲಪ್ಪ ಒದ್ದ.

ಜೀರಿಗೆ ಬೊಗಳಿತು. ಮಾಂತ್ರಿಕನನ್ನು ನೋಡಿ ಅಲ್ಲ, ಹಾಲಪ್ಪನನ್ನು ನೋಡಿ.

ಮೂರು ಊರಿನ ತೆಂಗಿನಕಾಯಿ ಉದುರಿದವು. ಮಾಂತ್ರಿಕ ಒಂದು ಹಿಡಿ ಬೂದಿಯಾದ. ಕಲ್ಲಾದವರೆಲ್ಲ ಆಕಳಿಸಿ ಎದ್ದರು. ಒಗ್ಗರಣೆ ಮಾತ್ರ ಸೀದಿತ್ತು.

ಗಂಡಿನವರು ಬಂದರು, ಕಾಲಿಗೆ ನೀರು ಬಿತ್ತು, ಜೀರಿಗೆ ಸುಮ್ಮನಿತ್ತು. ಮದುವೆಯಾಯಿತು. ರಾಜ ಹಾಲಪ್ಪನಿಗೆ ಶಾಲು ಹೊದಿಸಿದ. ಸೀಗೆಪುರದಲ್ಲಿ ರಾಜ ಸುಖ, ಪ್ರಜೆ ಸುಖ, ಅಡುಗೆಯವನ ಸೌಟೂ ಸುಖ.

ಜೀರಿಗೆ ಮತ್ತೆ ಯಾರನ್ನೂ ನೋಡಿ ಬೊಗಳಲಿಲ್ಲ, ಒಬ್ಬನನ್ನು ಬಿಟ್ಟು. ಹಾಲಪ್ಪ ಬಾಗಿಲಿಗೆ ಬಂದಾಗಲೆಲ್ಲ ಊರಿನ ತೆಂಗಿನಕಾಯಿ ಉದುರುತ್ತಿದ್ದವು.

ಕೊನೆಗೊಂದು ದಿನ ಅವನು ಹೊಸ್ತಿಲ ಹೊರಗೆ ನಿಂತು, ತನ್ನ ಕಾಲಿಗೆ ತಾನೇ ನೀರು ಹಾಕಿಕೊಂಡ. ಜೀರಿಗೆ ತಟ್ಟನೆ ಸುಮ್ಮನಾಯಿತು. ಗೋಣಿಚೀಲದ ಮೇಲೆ ಹೋಗಿ ಕೂತು, ಬಂದ ನೆಂಟರನ್ನು ನೋಡುವ ಹಾಗೆ ಅವನನ್ನು ನೋಡಿತು.