ಮಾಚಲೆ ಓದುವುದನ್ನು ಬಿಡಲಿಲ್ಲ

ಬಹಳ ಬಹಳ ಹಿಂದೆ, ಮರಗಳೂ ಮಾತಿಗೆ ಮಾತು ಸೇರಿಸುತ್ತಿದ್ದ ಕಾಲದಲ್ಲಿ, ಪವಳಗಿರಿ ಎಂಬ ರಾಜ್ಯವಿತ್ತು. ಅದಕ್ಕೆ ಬಲ್ಲರಸ ಎಂಬ ರಾಜ. ಮನುಷ್ಯ ಒಳ್ಳೆಯವನೇ, ಆದರೆ ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿ ಎನ್ನುವವನು. ಅದು ಗೊತ್ತಿದ್ದ ಆಸ್ಥಾನದ ಮಾಂತ್ರಿಕ ತಾಮ್ರಾಕ್ಷ ಯಾವತ್ತೂ ಕೊನೆಗೇ ಬಾಯಿ ತೆರೆಯುತ್ತಿದ್ದ.

ಆ ಊರಿನ ಕೋಟೆಬಾಗಿಲ ಬೀದಿಯಲ್ಲಿ ಮಾಚಲೆ ಎಂಬ ಹುಡುಗಿಯಿದ್ದಳು. ಮೆಣಸಿನ ವ್ಯಾಪಾರಿಯ ಮಗಳು. ಅಪ್ಪ ಅಮ್ಮ ತೀರಿಹೋದ ಮೇಲೆ ಅವಳಿಗೆ ತನ್ನವನು ಅಂತ ಉಳಿದದ್ದು ಅಣ್ಣ ಏಚ ಒಬ್ಬನೇ. ಅವನು ಕೋಟೆ ಕಾವಲಿನ ಸೈನಿಕ. ಮಾಚಲೆಗೆ ಓದುವ ಹುಚ್ಚು. ಅಂತಿಂಥ ಹುಚ್ಚಲ್ಲ, ಒಲೆಯ ಮೇಲೆ ಹಾಲಿಟ್ಟು ಪುಸ್ತಕ ಹಿಡಿದಳೆಂದರೆ ಹಾಲು ಉಕ್ಕಿ, ಒಲೆ ಆರಿ, ಪಕ್ಕದ ಮನೆಯ ಬೆಕ್ಕು ಬಂದು ಪಾತ್ರೆ ನೆಕ್ಕಿ ಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಅವಳಿಗೆ ಎರಡು ಬಗೆಯ ಪುಸ್ತಕಗಳೆಂದರೆ ಪ್ರಾಣ. ಒಂದು, ಹಳೆಯ ಅರಸರ ಕಾಲದ ಪತ್ತೇದಾರಿ ಕತೆಗಳು. ರಾಣಿವಾಸದಲ್ಲಿ ಕೊಲೆ, ಬಸದಿಯ ಹಿಂದೆ ಹೆಣ, ಅದನ್ನು ಪತ್ತೆ ಮಾಡುವ ಒಬ್ಬ ಹಟಮಾರಿ. "ಯಾವ ರಾಜ ಯಾವ ಕೋಟೆ ಗೆದ್ದ ಅಂತ ಶಾಸನ ಹೇಳುತ್ತೆ. ಅವತ್ತು ಆ ಕೋಟೆಯೊಳಗೆ ಏನು ಅಡುಗೆಯಾಗಿತ್ತು, ಯಾರ ಸೆರಗು ಒದ್ದೆಯಾಗಿತ್ತು ಅಂತ ಈ ಕತೆಗಳೇ ಹೇಳಬೇಕು," ಅನ್ನುತ್ತಿದ್ದಳು. ಆದರೆ ಕೊನೆಯ ಪುಟದಲ್ಲಿ ಎಲ್ಲಿಂದಲೋ ಒಬ್ಬ ಹೊಸಬನನ್ನು ತಂದು ಇವನೇ ಕೊಲೆಗಾರ ಅಂದುಬಿಡುವ ಬರಹಗಾರರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅಂಥ ಪುಸ್ತಕ ಸೀದಾ ಗೋಡೆಗೆ ಹೋಗಿ ಬೀಳುತ್ತಿತ್ತು.

ಇನ್ನೊಂದು, ಮೂಡಲ ದ್ವೀಪದ ಚಿತ್ರಕತೆಗಳು. ಹಡಗಿನಲ್ಲಿ ಬರುತ್ತಿದ್ದ ಪಿಂಗಾಣಿ ಬಟ್ಟಲುಗಳು ಒಡೆಯದಿರಲಿ ಅಂತ ಆ ದ್ವೀಪದವರು ಸುತ್ತ ಈ ಪುಸ್ತಕಗಳನ್ನು ತುರುಕುತ್ತಿದ್ದರು. ಬಟ್ಟಲು ಅರಮನೆಗೆ, ಪುಸ್ತಕ ಮಾಚಲೆಗೆ. ಅಗಲ ಕಣ್ಣಿನ ಹುಡುಗರು, ಗಾಳಿಯಲ್ಲಿ ನಡೆಯುವ ನರಿಗಳು, ಕೊಡಲಿ ಹಿಡಿದು ಅಳುವ ರಾಕ್ಷಸರು. ಮೊದಮೊದಲು ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಸತ್ತ ವೀರ ಎದ್ದು ಕೂರುತ್ತಿದ್ದ, ಬಿದ್ದ ಕಣ್ಣೀರು ಕಣ್ಣಿಗೇ ವಾಪಸಾಗುತ್ತಿತ್ತು. ಒಂದು ದಿನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಗೋಡೆಯ ಬುಡದಲ್ಲಿ ಪಟ್ಟಿಪಟ್ಟಿಯಾಗಿ ಕೆತ್ತಿದ್ದ ಯುದ್ಧದ ಕತೆಯ ಕಡೆಗೆ ತಿರುಗಿ ನಿಂತಳು. ದೇವರನ್ನು ಬಲಕ್ಕಿಟ್ಟುಕೊಂಡು ನಡೆಯುವವರಿಗೆ ಆ ಕತೆ ಬಲದಿಂದ ಎಡಕ್ಕೆ ಸಾಗುತ್ತದೆ. ಮನೆಗೆ ಓಡಿಬಂದು ಚಿತ್ರಕತೆಯನ್ನು ಹಿಂದುಮುಂದು ತಿರುಗಿಸಿ ಹಾಗೇ ಓದಿದಳು. ಎಲ್ಲ ಸರಿಹೋಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಕವಾಯತಿನ ಬಯಲಿನಲ್ಲಿ ನಿಂತಿದ್ದ ಪವಳಗಿರಿಯ ಇಡೀ ಸೈನ್ಯ ಆಮೆಗಳಾಗಿಹೋಯಿತು. ದಳಪತಿ ಆಮೆ, ಕಹಳೆ ಊದುವವನು ಆಮೆ, ಏಚನೂ ಆಮೆ. ಎಲ್ಲವೂ ತೆವಳಿಕೊಂಡು ಹೋಗಿ ಕೋಟೆಯ ಕಂದಕಕ್ಕೆ ಬಿದ್ದವು.

ಊರೆಲ್ಲ ಬಾಯಿ ಬಡಿದುಕೊಂಡಿತು. ರಾಜ ಎಲ್ಲರನ್ನೂ ಕೇಳಿದ. ಕೊನೆಗೆ ತಾಮ್ರಾಕ್ಷ ಎದ್ದು ನಿಂತ.

"ಮಹಾಪ್ರಭು, ಇದು ಕತೆ ಪುಸ್ತಕಗಳ ಶಾಪ. ಅವನ್ನು ಓದಿ ಓದಿ ಸೈನಿಕರ ಮನಸ್ಸು ಮೆತ್ತಗಾಯಿತು. ಮನಸ್ಸು ಮೆತ್ತಗಾದ ಮೇಲೆ ಮೈಯೂ ಮೆತ್ತಗಾಯಿತು. ಮೆತ್ತಗಿನ ಮೈಗೆ ಚಿಪ್ಪು ಬೇಕಾಯಿತು. ನಾಳೆ ಸಂಜೆಯೊಳಗೆ ರಾಜ್ಯದ ಕತೆ ಪುಸ್ತಕಗಳನ್ನೆಲ್ಲ ನನ್ನ ಗೋಪುರದ ಮೇಲೆ ಸುಟ್ಟರೆ ಅವರು ಮನುಷ್ಯರಾಗುತ್ತಾರೆ."

ರಾಜ ಹೂಂ ಅಂದ. ಜನ ಸಾಲುಗಟ್ಟಿ ಪುಸ್ತಕ ತಂದು ಸುರಿದರು. ಪಕ್ಕದ ಮನೆಯ ಜಕ್ಕವ್ವ ಮಾಚಲೆಯ ಬಾಗಿಲು ಬಡಿದಳು. "ಕೊಟ್ಬಿಡೇ ಮಾಚಿ. ಅಣ್ಣನಿಗಿಂತ ಆ ಹರಕು ಕಾಗದ ಹೆಚ್ಚಾಯ್ತೇನೇ ನಿಂಗೆ?" ಮಾಚಲೆ ಉತ್ತರ ಕೊಡುವ ಮೊದಲೇ ರಾಜಭಟರು ನುಗ್ಗಿ ಪೆಟ್ಟಿಗೆ ಹೊತ್ತುಕೊಂಡು ಹೋದರು.

ಮಾಚಲೆ ಕಂದಕದ ದಡಕ್ಕೆ ಹೋಗಿ "ಅಣ್ಣಾ" ಅಂತ ಕರೆದಳು. ಒಂದು ಆಮೆ ನೀರಿನಿಂದ ಬಂದು ಅವಳ ಪಾದದ ಮೇಲೆ ತಲೆಯಿಟ್ಟಿತು. ಅವಳು ಹೊಟ್ಟೆ ತುಂಬ ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು. ಅವಳು ಓದಿದ ಕತೆಗಳಲ್ಲಿ ಹೆಣವನ್ನು ಬೇಗ ಸುಡಿ, ಬೇಗ ಸುಡಿ ಅಂತ ಅವಸರ ಮಾಡುವವನ ಮೇಲೆ ಮೊದಲು ಕಣ್ಣಿಡಬೇಕು. ಇಲ್ಲಿ ಅವಸರ ಯಾರದು?

ಸೆರಗು ಸಿಕ್ಕಿಸಿಕೊಂಡು ಹೊರಟಳು. ಕಂದಕದ ಅಂಬಿಗನನ್ನು ಕೇಳಿದಳು. "ಹೌದು ತಾಯಿ, ಅವತ್ತು ನಸುಕಲ್ಲೇ ಮಾಂತ್ರಿಕರು ಕಂದಕದ ಆಮೆಗಳನ್ನೆಲ್ಲ ಹಿಡಿಸಿ ಬಯಲಲ್ಲಿ ಸಾಲಾಗಿ ಇಡಿಸಿದ್ರು. ಆಮೇಲೆ ವಾಪಸ್ ಬಿಡ್ಸಿದ್ರು," ಎಂದ. ಅರಮನೆಯ ದರ್ಜಿಯನ್ನು ಕೇಳಿದಳು. "ಕೈ ಬೀಳೋಹಾಗೆ ಹೊಸ ಸಮವಸ್ತ್ರ ಹೊಲಿಸಿದ್ರಮ್ಮ ತಾಮ್ರಾಕ್ಷರು. ಹೊಸ ಸೈನಿಕರು ಯಾರು ಬಂದ್ರು ಅಂತ ದೇವರಾಣೆಗೂ ಗೊತ್ತಿಲ್ಲ," ಎಂದ. ಪಿಂಗಾಣಿ ವ್ಯಾಪಾರಿಯನ್ನು ಕೇಳಿದಳು. "ನೀಲಿ ರಟ್ಟಿನ ಒಂದು ಪುಸ್ತಕಾನ ನಿಂಗಂತ ಎತ್ತಿಟ್ಟಿದ್ದೆ. ಅದ್ರಲ್ಲಿ ಮಂತ್ರ ಇದೆ ಅಂತ ಮಾಂತ್ರಿಕರು ಕಿತ್ಕೊಂಡು ಹೋದ್ರು," ಎಂದ.

ಮಾಚಲೆಗೆ ಎಲ್ಲವೂ ತಿಳಿಯಿತು. ನೇರ ಆಸ್ಥಾನಕ್ಕೆ ಹೋದಳು.

"ಮಹಾಪ್ರಭು, ಆಮೆಗಳನ್ನ ಸೈನಿಕರನ್ನಾಗಿ ಮಾಡೋ ಮಂತ್ರ ಈ ಮಾಂತ್ರಿಕರ ಕೈಗೆ ಸಿಕ್ಕಿದೆ. ತಮ್ಮ ಮಾತು ಮಾತ್ರ ಕೇಳೋ ಸೈನ್ಯ ಕಟ್ಟಿ ನಿಮ್ಮ ಸಿಂಹಾಸನ ಹತ್ತಬೇಕು ಅಂತಿದ್ರು. ಆದರೆ ಆ ಪುಸ್ತಕಾನ ತಾಳೆಗರಿ ಓದಿದ ಹಾಗೆ ಎಡದಿಂದ ಬಲಕ್ಕೆ ಓದಿದ್ರು. ಮಂತ್ರ ತಿರುಗುಮುರುಗಾಗಿ ಸೈನಿಕರೇ ಆಮೆ ಆದ್ರು. ಸಾಕ್ಷಿಯಾದ ಅದೊಂದೇ ಪುಸ್ತಕ ಸುಟ್ಟರೆ ಯಾಕೆ ಅಂತ ಜನ ಕೇಳ್ತಾರೆ. ಎಲ್ಲಾ ಪುಸ್ತಕ ಸುಟ್ಟರೆ ಯಾರೂ ಕೇಳಲ್ಲ."

ತಾಮ್ರಾಕ್ಷ ಬಿದ್ದು ಬಿದ್ದು ನಕ್ಕ. "ನೋಡಿದಿರಾ ಪ್ರಭು, ಕತೆ ಓದಿದರೆ ತಲೆ ಎಲ್ಲಿಗೆ ಹೋಗುತ್ತದೆ ಅಂತ! ಹೋಗು ಹುಡುಗಿ, ಗೋಪುರ ಹತ್ತಿ ಆ ಪುಸ್ತಕ ಹುಡುಕಿ ತೋರಿಸು. ಮೆಟ್ಟಿಲ ಮೇಲೆ ನನ್ನ ಮೂವರು ಕಾವಲಿನವರಿದ್ದಾರೆ. ಕತೆ ಓದಿದ್ದು ತಪ್ಪಾಯಿತು ಅಂದರೆ ಮನೆಗೆ ಬಿಡುತ್ತಾರೆ. ಅನ್ನದಿದ್ದರೆ ಅಲ್ಲೇ ಕಲ್ಲಾಗುತ್ತೀಯ."

"ತಪ್ಪಾಯಿತು ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ," ಎಂದಳು ಮಾಚಲೆ.

ಮೊದಲ ಮೆಟ್ಟಿಲುಗಳ ಮೇಲೆ ಕಲ್ಲಿನ ಯಾಳಿ ಕೂತಿತ್ತು. ಸಿಂಹದ ಮೈ, ಆನೆಯ ಸೊಂಡಿಲು. ಅದು ಗುಡುಗಿತು: "ಎಂದೋ ಸತ್ತವರನ್ನು ಯಾರು ಕೊಂದರು ಅಂತ ಓದುವವಳು ನೀನೇನಾ? ಸತ್ತವರು ಸತ್ತರು. ಅದು ನಿನಗೇಕೆ? ತಪ್ಪಾಯಿತು ಅನ್ನು."

"ಅನ್ನಲ್ಲ," ಎಂದಳು ಮಾಚಲೆ. "ಬದುಕಿರೋರು ಸುಳ್ಳು ಬರೆಸಿದ್ರೆ ಸತ್ತವರು ಎದ್ದು ಬಂದು ಜಗಳ ಆಡೋಕಾಗಲ್ಲ. ಅವರ ಪರವಾಗಿ ಯಾರಾದ್ರೂ ಕೇಳಬೇಕು. ಕತೆ ಬರೆಯೋರು ಕೇಳ್ತಾರೆ, ಓದೋರು ಕೇಳ್ತಾರೆ. ಸರಿ, ನಿನ್ನನ್ನ ಕೆತ್ತಿದವರು ಯಾರು?"

ಯಾಳಿಯ ಕಲ್ಲಿನ ಕಣ್ಣಲ್ಲಿ ನೀರು ತುಂಬಿತು. "ಇಷ್ಟು ವರ್ಷಕ್ಕೆ ಕೇಳಿದವಳು ನೀನೊಬ್ಬಳೇ. ಕೇತೋಜ ಕೆತ್ತಿದ. ನನಗೆ ಜೀವ ತುಂಬಿದ ಗುಟ್ಟು ಹೊರಗೆ ಬೀಳಬಾರದು ಅಂತ ತಾಮ್ರಾಕ್ಷ ಅವನನ್ನು ಇದೇ ಮೆಟ್ಟಿಲಿನಿಂದ ನೂಕಿ ಕೊಂದ. ಹಾವು ಕಚ್ಚಿ ಸತ್ತ ಅಂತ ಶಾಸನ ಹಾಕಿಸಿದ." ಅದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಿತು.

ನಡುವಿನ ಮೆಟ್ಟಿಲುಗಳ ಮೇಲೆ ಗಂಡಭೇರುಂಡ ಪಕ್ಷಿ ಕೂತಿತ್ತು. ಅದರ ಎರಡು ತಲೆಗಳೂ ಒಟ್ಟಿಗೆ ನಕ್ಕವು. "ಇಷ್ಟುದ್ದ ಬೆಳೆದವಳು ಚಿತ್ರಪುಸ್ತಕ ನೋಡುತ್ತೀಯಾ? ಅದು ಮಕ್ಕಳಾಟ. ತಪ್ಪಾಯಿತು ಅನ್ನು."

"ಅನ್ನಲ್ಲ," ಎಂದಳು ಮಾಚಲೆ. "ಗುಡಿ ಗೋಡೆ ತುಂಬ ಚಿತ್ರವೇ ಇದೆ. ನಮ್ಮಜ್ಜ ನಮ್ಮಜ್ಜಿ ಅದನ್ನ ನೋಡ್ಕೊಂಡೇ ಯುದ್ಧದ ಕತೆ ಎಲ್ಲ ಕಲಿತರು. ಅವರಿಗೆ ಹೋಗಿ ಹೇಳು ಮಕ್ಕಳಾಟ ಅಂತ. ನಿನ್ನ ರೂಪ ಯಾರಾದ್ರೂ ಕಣ್ಣಾರೆ ಕಂಡು ಬರೆದ್ರಾ? ಇಲ್ಲ. ಯಾರೋ ಚಿತ್ರ ಬರೆದ್ರು, ನೀನು ಹುಟ್ಟಿದೆ. ಚಿತ್ರಾನ ಬೈದ್ರೆ ನಿನ್ನ ಹೆತ್ತವರನ್ನ ಬೈದ ಹಾಗೆ."

ಎಡದ ತಲೆ ಬಲದ ತಲೆಯನ್ನು ನೋಡಿತು. "ನಾನು ಮೊದಲೇ ಹೇಳಿರಲಿಲ್ಲವಾ?" ಅಂದಿತು. "ನೀನೆಲ್ಲಿ ಹೇಳಿದೆ? ಹೇಳಿದ್ದು ನಾನು," ಅಂದಿತು ಬಲದ್ದು. ಎರಡೂ ಕೊಕ್ಕಿಗೆ ಕೊಕ್ಕು ತಾಗಿಸಿ ಜಗಳಕ್ಕೆ ನಿಂತವು. ಮಾಚಲೆ ರೆಕ್ಕೆಯ ಕೆಳಗೆ ನುಸುಳಿ ಮೇಲೆ ಹೋದಳು.

ಕೊನೆಯ ಮೆಟ್ಟಿಲುಗಳ ಮೇಲೆ ಹೆಬ್ಬಾವು ಮಲಗಿತ್ತು. ಅದು ಏನನ್ನೂ ಕೇಳಲಿಲ್ಲ. ತಲೆಯಿಂದ ಒಂದು ಬಡಿತ ಕೊಟ್ಟಿತು. ಮಾಚಲೆ ಉರುಳಿ ಬಿದ್ದಳು. ಎದ್ದಳು. ಮತ್ತೆ ಬಡಿಯಿತು, ಮತ್ತೆ ಬಿದ್ದಳು. ತುಟಿ ಒಡೆದು ರಕ್ತ ಬಂತು. ಅವಳಿಗೆ ನಿಜವಾಗಿಯೂ ಭಯವಾಯಿತು. ಮನೆಗೆ ಹೋಗಿಬಿಡೋಣ ಅನ್ನಿಸಿತು. ಅವಳ ಚಿತ್ರಕತೆಗಳ ಹುಡುಗರೇನು ಬಲಶಾಲಿಗಳಲ್ಲ. ಪುಟಕ್ಕೊಮ್ಮೆ ಒದೆ ತಿನ್ನುವವರೇ. ಅವರಿಗೆ ಗೊತ್ತಿದ್ದ ವಿದ್ಯೆ ಒಂದೇ, ಬಿದ್ದರೆ ಏಳುವುದು. ಅವಳೂ ಎದ್ದಳು. ಆ ಕತೆಗಳಲ್ಲಿ ರಾಕ್ಷಸರಿಗೂ ಏನಾದರೊಂದು ನೋವಿರುತ್ತದೆ. ಇದಕ್ಕೇನು ನೋವು ಅಂತ ಕಣ್ಣು ಹಾಯಿಸಿದಳು. ಹಾವಿನ ಬಾಲಕ್ಕೆ ತಾಮ್ರದ ಮೊಳೆ ಹೊಡೆದು ಬಾಗಿಲಿಗೆ ಜಡಿದಿತ್ತು, ಗಾಯ ಕೀವುಗಟ್ಟಿತ್ತು.

"ಅಯ್ಯೋ, ಇದನ್ನ ಯಾರು ಮಾಡಿದ್ರು?" ಅಂದಳು. ಹೆಬ್ಬಾವು ಬಡಿಯಲು ಎತ್ತಿದ ತಲೆಯನ್ನು ಹಾಗೇ ನಿಲ್ಲಿಸಿತು. ಮಾಚಲೆ ಅದರ ಮೈಯನ್ನು ದಾಟಿಕೊಂಡು ಹೋಗಿ, ಸೆರಗು ಸುತ್ತಿ ಹಿಡಿದು, ಹಲ್ಲು ಕಚ್ಚಿ ಮೊಳೆ ಕಿತ್ತಳು. ಹೆಬ್ಬಾವು ಉದ್ದಕ್ಕೆ ಉಸಿರುಬಿಟ್ಟು ಮೆಟ್ಟಿಲಿಳಿದು ಹೋಯಿತು.

ಗೋಪುರದ ಮೇಲೆ ರಾಜ್ಯದ ಕತೆಗಳೆಲ್ಲ ರಾಶಿ ಬಿದ್ದಿದ್ದವು. ಸೂರ್ಯ ಇಳಿಯುತ್ತಿದ್ದ. ಬೇರೆ ದಾರಿಯಿಂದ ಮೊದಲೇ ಬಂದಿದ್ದ ತಾಮ್ರಾಕ್ಷ ರಾಶಿಗೆ ಪಂಜು ಹಿಡಿದಿದ್ದ. ಒಂದು ಮೂಲೆ ಆಗಲೇ ಹೊಗೆಯಾಡುತ್ತಿತ್ತು. ಅಲ್ಲೇ, ಎಲ್ಲಕ್ಕಿಂತ ಮೊದಲು ಉರಿಯುವ ಜಾಗದಲ್ಲಿ, ನೀಲಿ ರಟ್ಟಿನ ಪುಸ್ತಕವಿತ್ತು. ಮಾಚಲೆ ಬೆಂಕಿಗೆ ಕೈ ಹಾಕಿ ಅದನ್ನು ಸೆಳೆದುಕೊಂಡಳು.

"ಕೊಡು ಇಲ್ಲಿ!" ಅಂತ ತಾಮ್ರಾಕ್ಷ ಅರಚಿದ. "ಅದನ್ನು ಓದಲು ನನ್ನಂಥ ಪಂಡಿತನಿಗೇ ಆಗಲಿಲ್ಲ!"

"ಎಲ್ಲಿಂದ ಶುರು ಅಂತ ಯಾರನ್ನಾದ್ರೂ ಕೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?" ಎಂದಳು ಮಾಚಲೆ. ಗೋಪುರದ ಅಂಚಿಗೆ ಹೋಗಿ, ಕಂದಕದ ಕಡೆ ಮುಖ ಮಾಡಿ, ಪುಸ್ತಕವನ್ನು ಹಿಂಬದಿಯಿಂದ ತೆರೆದಳು. ಬಲಗಡೆಯ ಚಿತ್ರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ಆಮೆ ನೀರಿಂದ ಬಂತು. ಚಿಪ್ಪು ಬಿರಿಯಿತು. ಒಳಗಿಂದ ಒಂದು ಕೈ ಬಂತು. ಮನುಷ್ಯ ಎದ್ದು ನಿಂತ."

ಕಂದಕದ ನೀರು ಕೊತಕೊತ ಕುದಿಯಿತು. ದಳಪತಿ ಎದ್ದ, ಕಹಳೆಯವನು ಎದ್ದ, ಏಚನೂ ಎದ್ದು ಕೆಮ್ಮುತ್ತ "ಮಾಚೀ!" ಅಂತ ಕೂಗಿದ. ಆಮೇಲೆ ಯಾರೂ ನಿರೀಕ್ಷಿಸದ್ದೊಂದು ನಡೆಯಿತು. ಕಂದಕದಲ್ಲಿ ಹುಟ್ಟಿ ಬೆಳೆದ ಅಸಲಿ ಆಮೆಗಳಿದ್ದವಲ್ಲ, ಅವೂ ಮನುಷ್ಯರಾಗಿ ಎದ್ದು ನಿಂತವು.

ತಾಮ್ರಾಕ್ಷನ ಮುಖ ಅರಳಿತು. "ನನ್ನ ಸೈನ್ಯ! ಹಿಡಿಯಿರಿ ಇವಳನ್ನು! ರಾಜನನ್ನು ಕೊಲ್ಲಿರಿ!" ಅಂತ ಅಲ್ಲಿಂದಲೇ ಕೂಗಿದ. ಅದು ಕೆಳಗೆ ನೆರೆದಿದ್ದ ರಾಜನಿಗೂ ಊರಿಗೂ ಸ್ಪಷ್ಟವಾಗಿ ಕೇಳಿಸಿತು. ಆಮೆಯ ಜನ ನಿಧಾನವಾಗಿ ತಲೆಯೆತ್ತಿ ಅವನನ್ನು ನೋಡಿದರು. ಗಲಾಟೆ ಇಷ್ಟವಾಗದೆ ಕತ್ತನ್ನು ಹೆಗಲೊಳಗೆ ಎಳೆದುಕೊಂಡು ದಡದಲ್ಲಿ ಇಳಿಬಿಸಿಲು ಕಾಯಿಸುತ್ತ ಕೂತರು. ಏಚ ಮತ್ತು ಅವನ ಜೊತೆಯವರು ಮೆಟ್ಟಿಲು ಹತ್ತಿಬಂದು ಬೆಂಕಿ ನಂದಿಸಿದರು, ಮಾಂತ್ರಿಕನ ಕೈ ಕಟ್ಟಿದರು.

ರಾಜ ಮಾಚಲೆಯನ್ನು ಕೇಳಿದ: "ಇವನಿಗೆ ಏನು ಶಿಕ್ಷೆ ಕೊಡಲಮ್ಮ? ಈ ಪುಸ್ತಕಗಳನ್ನೆಲ್ಲ ಓದಿಸಲೇ?"

"ಆ ಸುಖ ಇವರಿಗ್ಯಾಕೆ ಪ್ರಭು? ಕೇತೋಜನ ಶಾಸನದ ಮುಂದೆ ಕೂರಿಸಿ. ಸುಳ್ಳು ಅಳಿಸಿ ನಿಜ ಕೆತ್ತಲಿ. ಅವರ ಕೈಯಿಂದಲೇ."

ಯಾಳಿ ಪಕ್ಕದಲ್ಲೇ ಕಾವಲು ಕೂತಿತು. 'ಕೇತೋಜನನ್ನು ಕೊಂದವನು ನಾನು' ಎಂಬ ಸಾಲು ಮುಗಿಯುತ್ತಲೇ ತಾಮ್ರಾಕ್ಷನ ಮಂತ್ರಶಕ್ತಿಯೆಲ್ಲ ಇಳಿದುಹೋಯಿತು. ಅವನು ಬರಿಯ ಮುದುಕನಾದ. ಸೈನಿಕರು ಅವನನ್ನು ಸೆರೆಮನೆಗೆ ಕರೆದೊಯ್ದರು.

ಮರುದಿನ ರಾಜ ಸಭೆ ಕರೆದು ಘೋಷಿಸಿದ: "ಕತೆ ಪುಸ್ತಕ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾಯಿತು. ಇನ್ನು ಮೇಲೆ ಪ್ರಜೆಗಳೆಲ್ಲ ಅವನ್ನು ಓದಲೇಬೇಕು. ಇದು ನನ್ನ ಅಪ್ಪಣೆ."

ಜನ ಜೈ ಅಂದರು. ಮಾಚಲೆ ಮಾತ್ರ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಎದ್ದು ನಿಂತಳು.

"ಅದೂ ಬೇಡ ಪ್ರಭು. ಮೊನ್ನೆ ಸುಟ್ಟುಹಾಕಿ ಅಂದ್ರಿ, ಇವತ್ತು ಓದಲೇಬೇಕು ಅಂತೀರಿ. ಎರಡೂ ನಿಮ್ಮ ಅಪ್ಪಣೆಯೇ. ನಾನು ಉಪಯೋಗಕ್ಕೆ ಅಂತ ಒಂದು ಪುಟವೂ ಓದಿಲ್ಲ. ಖುಷಿಗೆ ಓದಿದೆ. ನಿಮ್ಮ ಸೈನ್ಯ ವಾಪಸ್ ಬರದಿದ್ರೂ ಓದ್ತಿದ್ದೆ."

ರಾಜ ಯಾರಾದರೂ ಕೊನೆಗೆ ಮಾತಾಡಲಿ ಅಂತ ಸುತ್ತ ನೋಡಿದ. ಯಾರೂ ಮಾತಾಡಲಿಲ್ಲ. ಕೊನೆಯ ಮಾತು ಮಾಚಲೆಯದೇ ಆಗಿದ್ದರಿಂದ ಅವನು ಅಪ್ಪಣೆಯನ್ನು ವಾಪಸು ತೆಗೆದುಕೊಂಡ. ಎಲ್ಲರ ಪುಸ್ತಕ ಎಲ್ಲರಿಗೆ ಸಿಕ್ಕಿತು. ಓದುವವರು ಓದಿದರು, ಓದದವರು ಹಾಯಾಗಿ ನಿದ್ದೆ ಮಾಡಿದರು. ಆಮೆಯ ಜನ ಕಂದಕದ ದಡದಲ್ಲೇ ಮನೆ ಕಟ್ಟಿಕೊಂಡರು. ಪವಳಗಿರಿಯಲ್ಲಿ ಅವರಷ್ಟು ತಾಳ್ಮೆಯಿಂದ ಓದುವವರು ಇನ್ನೊಬ್ಬರಿರಲಿಲ್ಲ. ಹೀಗೆ ಆ ರಾಜ್ಯದಲ್ಲಿ ಎಲ್ಲರೂ ಬಹುಕಾಲ ಸುಖವಾಗಿದ್ದರು.

ಆದರೆ ಸಭೆ ಮುಗಿದು ಮನೆಗೆ ನಡೆಯುವಾಗ ಏಚ ಮುಖ ಊದಿಸಿಕೊಂಡಿದ್ದ. ಬೀದಿಯ ತಿರುವಿನಲ್ಲಿ ನಿಂತೇಬಿಟ್ಟ.

"ನಿಜ ಹೇಳೇ ಮಾಚಿ. ನಾನು ಆಮೆಯಾಗೇ ಉಳಿದಿದ್ರೂ ಓದ್ತಿದ್ಯಾ?"

ಮಾಚಲೆ ಅಣ್ಣನ ಮುಖ ನೋಡಿದಳು.

"ಓದ್ತಿದ್ದೆ ಕಣೋ ಅಣ್ಣ," ಎಂದಳು. "ದಿನಾ ಕಂದಕದ ದಡಕ್ಕೆ ಬಂದು, ನಿನ್ನ ಪಕ್ಕ ಕೂತು, ಅಳ್ತಾ ಅಳ್ತಾ ಓದ್ತಿದ್ದೆ."